ಒದ್ದೆ ಸೀರೆಯ ಅಡಿಯಲ್ಲಿ

ಹಿರಿಯೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಮೊನ್ನೆ ಮುಖ ಒರೆಸಿಕೊಳ್ಳಲು ಟವೆಲ್ ಎತ್ತಿದರೆ ಗಪ್ಪೆಂದು ಮುಗ್ಗುಲು ವಾಸನೆ. ಅರ್ಧ ಒಣಗಿದ ಬಟ್ಟೆಯದು. ನೀವಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ದುರ್ಗದ ದೊಡ್ಡಮ್ಮನ ಮನೆ ನೆನಪಾಯಿತು.

ತೊಂಬತ್ತರ ದಶಕದ ಕೊನೆ. ಆ ಮನೆಯಲ್ಲಿದ್ದುಕೊಂಡು ನಾನು ಬಿ.ಎ. ಓದುವ ನಾಟಕವಾಡುತ್ತಿದ್ದೆ; ಮಾಡದಕೆರೆಯಿಂದ ಬಂದಿದ್ದ ಚಿಕ್ಕಪ್ಪನ ಮಗಳು ಸುಮಕ್ಕ ನಿಜವಾಗಿಯೂ ಎಂ.ಎ. ಓದುತ್ತಿದ್ದಳು. ನನಗೆ ಬರುತ್ತಿದ್ದ ಒಂದೇ ವಿದ್ಯೆ ಅಣಕ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಮೂಗುದನಿ, ದೇವರ ಹತ್ತಿರವೂ ಚೌಕಾಸಿ ಮಾಡುವ ದೊಡ್ಡಮ್ಮನ ಧಾಟಿ. ಕನ್ನಡಿ ಮುಂದೆ ನನ್ನನ್ನೇ ಅಣಕಿಸಿಕೊಂಡದ್ದೂ ಉಂಟು. ಅದೊಂದು ಮಾತ್ರ ಯಾರಿಗೂ ನಗು ತರಿಸಲಿಲ್ಲ.

ಮುಟ್ಟಿನ ಬಟ್ಟೆಗೆ ಆ ಮನೆಯಲ್ಲೊಂದು ಶಾಸ್ತ್ರವಿತ್ತು: ಗಂಡಸರ ಕಣ್ಣಿಗೂ ಬೀಳಬಾರದು, ಸೂರ್ಯನ ಕಣ್ಣಿಗೂ ಬೀಳಬಾರದು. ಬಚ್ಚಲ ಹಿಂದಿನ ಸಂದಿಯಲ್ಲಿ ಹಗ್ಗಕ್ಕೆ ಹಾಕಿ, ಮೇಲೆ ಒದ್ದೆ ಸೀರೆ ಹೊದಿಸಬೇಕು. ಸೀರೆಯೇನೋ ಒಣಗುತ್ತಿತ್ತು, ಅಡಿಯಲ್ಲಿದ್ದದ್ದು ಒಣಗುತ್ತಿರಲಿಲ್ಲ. ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದ ಸುಮಕ್ಕನೂ ಹಾಗೇ ಮಾಡುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ ಅವಳಿಗೆ ಕೂರಲಾಗದಷ್ಟು ತುರಿಕೆ, ಉರಿ, ಮೇಲೆ ಜ್ವರ. ಓದಿದ್ದು ಸಾಕು, ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಚಿಕ್ಕಪ್ಪ ಹೇಳಿಕಳಿಸಿದ. ಹೋದರೆ ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಗಂಡು ನೋಡಿಟ್ಟಿದ್ದರು.

ಲೇಡಿ ಡಾಕ್ಟರ ಹತ್ತಿರ ಅವಳ ಜೊತೆಗೆ ಹೋದವನು ನಾನು. ಅವರಿಬ್ಬರು ಪರದೆಯ ಆಚೆ, ನಾನು ಈಚೆ. ಡಾಕ್ಟರಮ್ಮನ ಗಂಟಲಿಗೆ ಪರದೆ ಯಾವ ಲೆಕ್ಕ!

"ಒಣಗದಿರೋ ಬಟ್ಟೇನೇ ಮತ್ತೆ ಕಟ್ಕೊಂಡ್ರೆ ಇನ್ನೇನಾಗುತ್ತಮ್ಮ? ಸೋಪು ಹಾಕಿ ಒಗಿ, ಸುಡು ಬಿಸಿಲಿಗೆ ಹಾಕು. ಎಂ.ಎ. ಅಂತೆ!"

ಮನೆಗೆ ಬಂದ ಸುಮಕ್ಕ ದೊಡ್ಡಮ್ಮನಿಗೆ, "ಮಾತ್ರೆ ಕೊಟ್ಟವ್ರೆ" ಎಂದಷ್ಟೇ ಹೇಳಿ ನನ್ನ ಮುಖ ನೋಡಿದಳು. ನನ್ನ ಬಾಯಲ್ಲಿ ಆ ಮಾತು ಬರುವಂತಿರಲಿಲ್ಲ. ಡಾಕ್ಟರಮ್ಮನ ಬಾಯಲ್ಲಿ ಬಂತು. ಸೊಂಟಕ್ಕೆ ಕೈಯಿಟ್ಟು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಪೂರ್ತಿ ಒಪ್ಪಿಸಿದೆ.

"ಥೂ ಲೇ, ಗಂಡ್ಸಾಗಿ!" ದೊಡ್ಡಮ್ಮ ಸೆರಗಿನಲ್ಲಿ ನಗು ಮುಚ್ಚಿದಳು. ಆಮೇಲೆ ಸುಮಕ್ಕನತ್ತ ತಿರುಗಿ, "ದಿಟ ಏನೇ?" ಎಂದಳು.

"ದಿಟ ದೊಡ್ಡಮ್ಮ. ಊರಿಗೋದ್ರೂ ಅದೇ ಸಂದಿ, ಅದೇ ಸೀರೆ. ನಾನು ಪರೀಕ್ಷೆ ಬರೀಬೇಕು."

ಮರುದಿನ ಸುಮಕ್ಕ ಎಲ್ಲವನ್ನೂ ಮತ್ತೆ ಒಗೆದು ತಾರಸಿಯ ಹಗ್ಗಕ್ಕೆ ಸಾಲಾಗಿ ಹಾಕಿದಳು. ದೊಡ್ಡಮ್ಮ ಹಿಂದೆಯೇ ಮೆಟ್ಟಿಲು ಹತ್ತಿದಾಗ ತೆಗೆಸುತ್ತಾಳೆ ಅಂದುಕೊಂಡೆ. ಅವಳು ಕೋಲು ಹಿಡಿದು ಅಲ್ಲೇ ಕುಳಿತಳು.

"ಏನ್ ಒಣಗಾಕೀರಕ್ಕ, ಹಪ್ಪಳ ಕಾದಂಗೆ ಕಾಯ್ಕಂಡ್ ಕುಂತೀರಿ?" ಪಕ್ಕದ ತಾರಸಿಯ ಹೆಂಗಸು ಕೇಳಿದಳು.

"ಬಟ್ಟೆ ಕಣವ್ವ. ನಿಮ್ಮನೇಲಿ ಹೆಣ್ಮಕ್ಕಳಿಲ್ವಾ?"

ಚಿಕ್ಕಪ್ಪ ಬಂದಾಗ, "ಪರೀಕ್ಷೆ ಮುಗೀಲಿ, ಆಮೇಲೆ ನೋಡಾಣ" ಎಂದು ಕಾಫಿ ಕೊಟ್ಟು ಕಳಿಸಿದ್ದೂ ಅವಳೇ.

ಸುಮಕ್ಕ ಈಗ ಹೊಳಲ್ಕೆರೆಯಲ್ಲಿ ಲೆಕ್ಚರರ್. ನೆನಪಾದ ಮೇಲೆ ಸುಮ್ಮನಿರಲಾಗದೆ ನಿನ್ನೆ ಬಸ್ ಹತ್ತಿ ಹೋದೆ. ಪಡಸಾಲೆಯಲ್ಲಿ ಅವಳ ಸುತ್ತ ವಿದ್ಯಾರ್ಥಿನಿಯರು ಕುಳಿತಿದ್ದರು; ಮಾತೂ ಅದೇ, ಮುಟ್ಟಿನ ಬಟ್ಟೆಯದು. ನನ್ನನ್ನು ಕಂಡು ಹುಡುಗಿಯರು ಗಪ್‌ಚಿಪ್ಪಾದರು. ನಾನು ಹಿಂದೆ ಸರಿದೆ.

"ಎಲ್ಲಿಗೋ? ಕುಂತ್ಕೋ" ಎಂದು ಸುಮಕ್ಕ ಮಾತು ಮುಂದುವರಿಸಿದಳು. "ಮೇಲೆ ಏನೂ ಮುಚ್ಚಬಾರ್ದು ಕಣ್ರೇ. ಬಿಸಿಲು ತಾಕ್ಬೇಕು."

"ಗಂಡುಸ್ರು ನೋಡಿ ನಗಲ್ವಾ ಮೇಡಂ?" ಕೇಳಿದ ಹುಡುಗಿ ನೋಡಿದ್ದು ಮಾತ್ರ ನನ್ನ ಕಡೆಗೆ.

ಸುಮಕ್ಕ ಉತ್ತರವನ್ನು ನನಗೇ ಬಿಟ್ಟಳು.

"ಇಲ್ಲಮ್ಮ" ಅಂದೆ. ಯಾರ ಅಣಕವೂ ಇಲ್ಲದ ನನ್ನ ದನಿ ನನಗೇ ಸ್ವಲ್ಪ ಹೊಸದಾಗಿ ಕೇಳಿಸಿತು.