ಮೂಗಪ್ಪ ಮೂಸಲಾರದ ಹಲಗೆ

ಮೂಗಪ್ಪ ಅಂದರೆ ಮಾತು ಬಾರದವನು ಅಂದುಕೊಂಡು ಹೊಸಬರು ಕೈಸನ್ನೆ ಮಾಡುತ್ತಿದ್ದರು. ಅಯ್ಯೋ, ಆ ಬಡಗಿ ಬಾಯಿ ತೆರೆದರೆ ಮುಚ್ಚುವುದೇ ಕಷ್ಟ. ಹೆಸರು ಬಂದದ್ದು ಮೂಗಿನಿಂದ. ಹಲಗೆ ಮೂಸಿ, ಇದು ತೇಗ, ಇದು ತೇಗದ ಬಣ್ಣ ಬಳಿದ ಯಾವುದೋ ಕಾಡುಮರ ಅಂತ ಹೇಳಿಬಿಡುತ್ತಿದ್ದ. ಕೋಪವೂ ಆ ಮೂಗಿನ ತುದಿಯಲ್ಲೇ ಇತ್ತು ಅನ್ನಿ. ಹೋದ ವರ್ಷ ಒಂದು ಜ್ವರ ಬಂತು. ಕೋಪ ಅಲ್ಲೇ ಉಳಿಯಿತು, ವಾಸನೆ ಹೊರಟುಹೋಯಿತು. ಮರ ಮಾರುವ ಅಡ್ಡೆಯವರಿಗಿರಲಿ, ಹೆಂಡತಿಗೂ ಹೇಳಲಿಲ್ಲ. ಆ ಒಂದು ವಿಷಯದಲ್ಲಿ ನಿಜಕ್ಕೂ ಮೂಗನೇ ಆಗಿಬಿಟ್ಟ.

ಹೀಗಿರುವಾಗ ಊರ ಉದ್ಯಾನದ ಮಾಲಿ ಬಂದು, ಹಕ್ಕಿಗಳು ಗೂಡು ಕಟ್ಟಲು ಮರದ ಪೆಟ್ಟಿಗೆ ಮಾಡಿಕೊಡು ಅಂದ. ಮಳೆ ಬಿಸಿಲಿಗೆ ಜಗ್ಗಬಾರದು, ಅದಕ್ಕೆಂದು ಹೊಸ ಮರ ಕಡಿಸಲೂ ಬಾರದು. ಮೂಗಪ್ಪ ಕೆಡವಿದ ಮನೆಗಳಿಂದ ಹಳೇ ಬಾಗಿಲು, ಚೌಕಟ್ಟು ತಂದ. ಎಲ್ಲ ತೇಗ. ಉಗುರು ಊರಿದರೆ ಗುರುತು ಬೀಳದು, ಹತ್ತರಿ ಹೊಡೆದು ಮೇಲ್ಪದರ ತೆಗೆದರೆ ಒಳಗೆ ಇನ್ನೂ ಎಣ್ಣೆಯ ಹೊಳಪು. ಬಾಳಿಕೆಗೆ ಮೋಸವಿಲ್ಲ. ಆದರೆ ಗೆದ್ದಲಿಗೆ ಹೆದರಿದವರು ಕೆಲವಕ್ಕೆ ಔಷಧಿ ಕುಡಿಸಿರುತ್ತಾರೆ. ಯಾವುದಕ್ಕೆ ಅಂತ ಕಣ್ಣಿಗೆ ಕಾಣುವುದಿಲ್ಲ, ಮೂಗೇ ಹೇಳಬೇಕು. ಬಾಗಿಲಿಗಾದರೆ ನಡೆದೀತು. ಮುಚ್ಚಿದ ಪೆಟ್ಟಿಗೆಯಲ್ಲಿ, ಪುಕ್ಕ ಮೂಡದ ಮರಿ ಅದನ್ನೇ ಉಸಿರಾಡಬೇಕಲ್ಲ?

ಆದರೂ ಒಂದು ಪೆಟ್ಟಿಗೆ ಮಾಡಿಯೇಬಿಟ್ಟ. ಮೂಗಪ್ಪ ಆರಿಸಿದ ಮರ ಅಂದಮೇಲೆ ಯಾರು ತಾನೇ ಕೇಳುತ್ತಾರೆ? ಮುಚ್ಚಳ ಕೂರಿಸುವಾಗ ಅಭ್ಯಾಸಬಲದಿಂದ ಬಗ್ಗಿ ಮೂಸಿದ. ಏನೂ ಇಲ್ಲ. ನಾಚಿಕೆಯೂ ಆಯಿತು, ಭಯವೂ ಆಯಿತು.

ಅಷ್ಟರಲ್ಲಿ ಹೆಂಡತಿ ಚಹಾ ತಂದಳು.

"ಇದನ್ನ ಸ್ವಲ್ಪ ಮೂಸಿ ನೋಡೇ."

"ಯಾಕೆ, ನಿಮ್ಮ ಮೂಗು ರಜಾ ಹಾಕಿದೆಯಾ?"

"ಹೂಂ. ಆ ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ."

ಅವಳು ಲೋಟ ಕೆಳಗಿಟ್ಟಳು. ನಗಲಿಲ್ಲ. ಪೆಟ್ಟಿಗೆ ಮೂಸಿದವಳೇ ಮುಖ ತಿರುಗಿಸಿದಳು. "ಥೂ, ಔಷಧಿ."

ಅವನು ಮೊಳೆ ಕಿತ್ತು ಆ ಹಲಗೆಗಳನ್ನು ಪಕ್ಕಕ್ಕೆ ಹಾಕಿದ. ನೋಡುತ್ತ ನಿಂತಿದ್ದ ಅವಳು ಕೇಳಿದಳು, "ಹಾಗಾದ್ರೆ ಅವತ್ತು ಹಾಲು ಸೀದು ಹೋದಾಗ?"

"ಗೊತ್ತಾಗ್ಲಿಲ್ಲ."

"ಒಲೆ ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ರಿ. ನನ್ನ ಮೇಲಿನ ಸಿಟ್ಟಿಗೆ ಬೇಕಂತಲೇ ಏಳಲಿಲ್ಲ ಅಂದ್ಕೊಂಡೆ. ಆಮೇಲೆ ಎಷ್ಟು ದಿನ ಮುಖ ಕೊಟ್ಟು ಮಾತಾಡಲಿಲ್ಲ ನಾನು."

ಅವನು ಇನ್ನೊಂದು ಹಲಗೆ ಎತ್ತಿ ಕೊಟ್ಟ. ಅವಳು ಬಹಳ ಹೊತ್ತು ಮೂಸಿದಳು.

"ಇದಕ್ಕೇನೂ ಬಳಿದಿಲ್ಲ. ಬರೀ ಮರ."

"ಹೇಗಿದೆ ವಾಸನೆ?" ಅವನು ಕೇಳಿದ. "ನನಗೆ ಮರೆತೇ ಹೋಗ್ತಿದೆ. ಹೇಳು."

"ಮರದ್ದೆಲ್ಲ ನನಗೇನು ಗೊತ್ತು," ಅಂದಳು. ಮತ್ತೊಮ್ಮೆ ಮೂಗಿಗೆ ಹಿಡಿದಳು. "ಸಂಜೆ ನೀವು ಬಿಚ್ಚಿ ಹಾಕೋ ಅಂಗಿ ಹೀಗೇ ಇರುತ್ತೆ."