ಖಾನಾಪುರದ ಮೊದಲ ಚುಕ್ಕೆ

ಯಾನ್‌ನನ್ನು ಬೆಳಗಾವಿಯಿಂದ ಖಾನಾಪುರದ ಅತ್ತೆಯ ಮನೆಗೆ ಕರೆತಂದಿದ್ದೇನೆ. ಅವನು ಸಂಸ್ಕೃತ ಕಲಿಯಲು ಪೋಲೆಂಡಿನಿಂದ ಒಂದು ವರ್ಷಕ್ಕೆಂದು ಬಂದಿರುವ ನನ್ನ ಸಹಪಾಠಿ. ಕ್ರಿಸ್ಮಸ್ಸಿಗೆ ಒಬ್ಬನೇ ಇರಬಾರದೆಂದು ಕರೆದಿದ್ದೆ. ಇಂದು ಹಬ್ಬದ ಹಿಂದಿನ ದಿನ. ಈ ದಿನ ಮುಗಿಲಲ್ಲಿ ಮೊದಲ ಚುಕ್ಕೆ ಕಾಣುವ ತನಕ ತನ್ನ ಊರಿನಲ್ಲಿ ಯಾರೂ ಉಣ್ಣುವುದಿಲ್ಲವೆಂದು ಇಲ್ಲಿಗೆ ಬಂದ ಮೇಲೆ ಹೇಳಿದ. ನಾವೋ ಜೈನರು, ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ.

“ಮನಿಗಿ ಬಂದಾವ ಉಪಾಸ ಕುಂತ್ರ ನಾ ಹೆಂಗ ಉಣ್ಲಿ?” ಎಂದು ಅತ್ತೆ ರೊಟ್ಟಿ ಮುಚ್ಚಿಟ್ಟು ಅಂಗಳಕ್ಕೆ ಬಂದಳು. ಬಿಸಿಲು ಇನ್ನೂ ಹಂಚಿನ ಮೇಲಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ಮುಗಿಲು ನೋಡಿದಳು.

“ಅಲ್ನೋಡ, ಚುಕ್ಕಿ! ಕಾಣಸ್ತೇನೋ ತಮ್ಮಾ?”

ಯಾನ್ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. “ಹೌದ್ರಿ, ಕಾಣಸ್ತೈತ್ರಿ,” ಎಂದು ತಾನು ಕಲಿತಿದ್ದ ಕನ್ನಡದಲ್ಲಿ ಹೇಳಿ, ಅವಳ ಹಿಂದೆ ಊಟಕ್ಕೆ ನಡೆದ.

ಅತ್ತೆ ಸುಳ್ಳಾಡಿದ್ದನ್ನು ನಾನು ಕಂಡವನಲ್ಲ. ಅವಳು ತೋರಿಸಿದ ಕಡೆಗೇ ನೋಡುತ್ತ ನಿಂತೆ. ಎಲ್ಲಿದೆ? ಒಂದು ಹಕ್ಕಿಯೂ ಇಲ್ಲ. ಒಳಗಿನಿಂದ ಅವಳು ಎರಡು ಸಲ ಕರೆದಳು.

ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಹೊತ್ತು ಮುಳುಗಿದೆ, ಮೊದಲ ಚುಕ್ಕೆ ಈಗ ಮೂಡಿದೆ. ಅವರಿಬ್ಬರೂ ಉಂಡು ಕೈ ತೊಳೆದಾಯಿತು. ನನಗೆ ನಾಳೆ ಬೆಳಗಿನವರೆಗೆ ನೀರೂ ಇಲ್ಲ.