ಗಂಟೆಯಲ್ಲ, ಗಂಟಿ

ನಂಜಣ್ಣ ಕೂತಿದ್ದನ್ನು ನಾನು ಕಂಡೇ ಇಲ್ಲ. ಟೀ ಕುಡಿಯುತ್ತಿದ್ದದ್ದೂ ನಿಂತುಕೊಂಡೇ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ. ಸ್ಟೂಲ್ ಎಳೆದು ಕೊಟ್ಟರೆ ಅದರ ಮೇಲೆ ಲೋಟ ಇಡುತ್ತಿದ್ದ. "ಒಂದ್ ಗಳಿಗೆ ಕೂತ್ಕೊಬಾರ್ದಾ ನಂಜಣ್ಣ, ನಿನ್ನ ನೋಡಿ ನಂಗೇ ಕಾಲು ನೋಯ್ತವೆ" ಅಂದರೆ, "ನಾನ್ ಕೂತ್ರೆ ನೀರೂ ಕೂತ್ಕಂಬುಡ್ತದೆ ಕಣವ್ವ" ಎನ್ನುತ್ತಿದ್ದ.

ತುಮಕೂರಿನ ನಮ್ಮ ಬಡಾವಣೆಗೆ ನೀರು ಬಿಡುವುದು ಅವನ ಕೆಲಸ. ವಾಲ್ ಇರುವ ಗುಂಡಿ ನನ್ನ ಹೊಲಿಗೆ ಅಂಗಡಿಯ ಎದುರಿಗೇ ಇತ್ತು. ನೀರಿನ ದಿನ ಬೆಳಿಗ್ಗೆ ಸೈಕಲ್ಲನ್ನು ನನ್ನ ಗೋಡೆಗೆ ಒರಗಿಸಿ, ಉದ್ದನೆಯ ಕಬ್ಬಿಣದ ಕೀಯನ್ನು ಗುಂಡಿಗೆ ಇಳಿಸಿ ತಿರುಗಿಸುತ್ತಿದ್ದ. ಆಮೇಲೆ ಚಪ್ಪಲಿ ಬಿಟ್ಟು ರಸ್ತೆಯ ಮೇಲೆ ಬರಿಗಾಲಲ್ಲಿ ನಿಂತು, "ಬಂತು, ಬಂತು" ಎನ್ನುತ್ತಿದ್ದ. ಕಾಲಿಗೆ ಅದು ಗೊತ್ತಾಗುತ್ತದೆ ಎಂದು ಅವನ ವಾದ. ನನಗೆ ನಂಬಿಕೆಯಿರಲಿಲ್ಲ. ಎಷ್ಟೋ ಸಲ ಅವನು ಬಂತು ಎಂದ ಮೇಲೂ ನಮ್ಮ ನಲ್ಲಿ ಬುಸ್ಸೆಂದು ಗಾಳಿ ಬಿಡುತ್ತಲೇ ಇರುತ್ತಿತ್ತು.

ಬೀದಿಯವರಿಗೆ ಅವನು ವಾಲ್‌ಮನ್. ಅವಸರ ಇದ್ದವರಿಗೆ ಬರೀ ವಾಲು. "ಏ ವಾಲು, ನಮ್ ಕಡೆ ಬುಡೋ" ಎಂದು ಯಾರಾದರೂ ಕೂಗಿದರೆ ಮುಗಿಯಿತು. "ಎಲ್ಲಿ ವಾಲಿದೀನ್ಲಾ? ನೆಟ್ಟಗೆ ನಿಂತಿಲ್ವಾ? ನಾನು ಕಡಬದ ನೀರಗಂಟಿ ಕಣಲೇ! ನಮ್ಮಪ್ಪ, ನಮ್ ತಾತ ಎಲ್ಲಾ ನೀರಗಂಟಿಗಳೇ!"

ಗುಬ್ಬಿ ಹತ್ತಿರದ ಕಡಬದಲ್ಲಿ ದೊಡ್ಡ ಕೆರೆ. ಅದರ ತೂಬು ತೆಗೆದು, ಜಗಳವಾಗದ ಹಾಗೆ ಸರದಿಯ ಮೇಲೆ ಗದ್ದೆಗದ್ದೆಗೆ ನೀರು ಹಾಯಿಸುವವನು ನೀರಗಂಟಿ. ಗದ್ದೆಗಳು ತೆಂಗಿನ ತೋಟಗಳಾಗಿ, ಮನೆಮನೆಗೂ ಬೋರ್‌ವೆಲ್ ಬಂದ ಮೇಲೆ ನಂಜಣ್ಣನನ್ನು ಕರೆಯುವವರಿಲ್ಲವಾಯಿತು. ಹಾಗೆ ತುಮಕೂರಿಗೆ ಬಂದವನು. ನಾನು ಅಂಗಡಿಗೆ ಬೊಟಿಕ್ ಎಂದು ಹೊಸ ಬೋರ್ಡು ಹಾಕಿಸಿದಾಗ ನಕ್ಕವನೂ ಅವನೇ. "ಬಟ್ಟೆ ಅಂಗ್ಡಿಗೆ ಬೂಟಿನ ಹೆಸ್ರ್ಯಾಕವ್ವ?"

ಎದುರು ಮನೆಯ ಪುಟ್ಟಮ್ಮನಿಗೆ ಕಿವಿ ಮಂದ. ಅವನು ಕೂಗಾಡುವುದನ್ನು ಕೇಳಿ ಕೇಳಿ, 'ನೀರ ಗಂಟೆ' ಎನ್ನುತ್ತಿದ್ದಾನೆ, ಪಾಪ, ನೀರು ಬಂದಾಗ ಬಾರಿಸಲು ಗಂಟೆ ಬೇಕಂತೆ ಎಂದುಕೊಂಡಳು. ಪಾತ್ರೆ ಅಂಗಡಿಯಿಂದ ಹಿತ್ತಾಳೆಯ ಗಂಟೆ ತಂದು ಅವನ ಸೈಕಲ್ಲಿಗೆ ಕಟ್ಟಿಯೇಬಿಟ್ಟಳು. ನಂಜಣ್ಣ ತಲೆ ಚಚ್ಚಿಕೊಂಡ. "ಅಕ್ಕಾ, ಗಂಟೆ ಅಲ್ಲ ಕಣಕ್ಕಾ, ಗಂಟಿ!" ಅವಳು, "ಹ್ಞೂಂ, ಚೆನ್ನಾಗಿ ಕೇಳ್ತದೆ, ಹೊಡಿ" ಎಂದಳು. ಬಿಚ್ಚಿ ಹಾಕುತ್ತಾನೆಂದುಕೊಂಡಿದ್ದೆ. ಬಿಚ್ಚಲಿಲ್ಲ. ಬೈದುಕೊಳ್ಳುತ್ತಲೇ ಬಾರಿಸತೊಡಗಿದ.

ಇಷ್ಟೆಲ್ಲದರ ನಡುವೆ ಅವನಿಗೆ ಒಂದೇ ಆಸೆ. ಕಡಬದ ಕೆರೆ ತುಂಬಬೇಕು, ನೀರಗಂಟಿ ಬಾ ಎಂದು ಊರಿನವರು ಕರೆಯಬೇಕು. ಆ ದಿನಕ್ಕೆಂದು ಬಿಳಿ ಶರ್ಟ್ ಪೀಸು ತಂದು ನನ್ನ ಬೀರುವಿನಲ್ಲಿ ಇಡಿಸಿದ್ದ. ನಾನು ಹೆಂಗಸರ ಟೈಲರ್ ಕಣಣ್ಣ ಎಂದರೂ ಕೇಳಲಿಲ್ಲ. "ಈಗ್ಲೇ ಕತ್ತರಿ ಹಾಕ್ಬ್ಯಾಡ. ಫೋನ್ ಬರ್ಲಿ." ಮೋಡ ಕಟ್ಟಿದರೆ ಸಾಕು, ಫೋನನ್ನು ಜೇಬಿನಿಂದ ತೆಗೆದು ನೋಡುವನು, ಇಡುವನು, ಮತ್ತೆ ತೆಗೆಯುವನು. ಪೀಸು ಮಡಿಕೆಯಲ್ಲೇ ಹಳದಿ ತಿರುಗುತ್ತಿತ್ತು.

ಕೊನೆಗೊಂದು ಮಳೆಗಾಲದಲ್ಲಿ ಫೋನು ಬಂತು. ಮಧ್ಯಾಹ್ನ ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿದ. "ಹೊಲಿ! ಗುಬ್ಬಿ ಬಸ್ಸಿಗೆ ಹೋಗ್ಬೇಕು." ಅಳತೆ ಕೊಡಲೂ ನೆಟ್ಟಗೆ ನಿಲ್ಲಲಿಲ್ಲ. ನಾನು ಮಿಷನ್ ತುಳಿಯುತ್ತಿದ್ದರೆ ಅವನು ಬಾಗಿಲಿಗೂ ಗೋಡೆಗೂ ಶತಪಥ ಹಾಕುತ್ತಿದ್ದ. ಖುಷಿಯ ಮುಖ ಹಾಗಿರುವುದಿಲ್ಲ ಎನಿಸಿ, "ಏನಂದ್ರು ಫೋನಲ್ಲಿ?" ಎಂದು ಕೇಳಿದೆ.

"ಕೆರೆ ತುಂಬೈತೆ. ತೂಬು ತುಕ್ಕು ಹಿಡ್ದು ಕೂತೈತಂತೆ. 'ನಂಜಣ್ಣ, ಟೌನಾಗೆ ವಾಲ್‌ಮನ್ ಅಲ್ವಾ, ನಿಂಗ್ ರೂಢಿ ಐತೆ, ಬಾ' ಅಂದ್ರು." ಬಾಗಿಲ ತನಕ ಹೋಗಿ ತಿರುಗಿದ. "ನಮ್ಮೂರೋರೂ ವಾಲ್‌ಮನ್ ಅಂದ್ಬುಟ್ರು ಕಣವ್ವ."

ನಾನು ಮಿಷನ್ ತುಳಿಯುವುದು ನಿಲ್ಲಿಸಿದೆ. "ಹಂಗಂದ್ರೂ ಹೋಗ್ತೀಯಾ?"

"ಇನ್ನೇನ್ ಮಾಡ್ಲಿ? ತೂಬು ತೆಗ್ಯಕ್ ಕರ್ದಾಗ ಹೆಸ್ರಿಗ್ ಮುನಿಸ್ಕಂಡು ಕೂತ್ಕಳಕ್ಕಾಯ್ತದಾ? ಬಿರ್ರನೆ ಹೊಲಿ."

ಬಿರ್ರನೆ ಹೊಲಿದದ್ದರಲ್ಲಿ ಗುಂಡಿಗಳನ್ನು ರೂಢಿಯಂತೆ ಹೆಂಗಸರ ಬಟ್ಟೆಯ ಹಾಗೆ ಎಡಗಡೆಗೆ ಹಾಕಿಬಿಟ್ಟಿದ್ದೆ. ತೊಟ್ಟು ನೋಡಿದ ಮೇಲೂ ಅವನು ಬಿಚ್ಚಿಕೊಡಲಿಲ್ಲ. "ಸೈಕಲ್ ಇರ್ಲಿ, ನಾಡಿದ್ದು ಬತ್ತೀನಿ" ಎಂದು ಬಸ್‌ಸ್ಟ್ಯಾಂಡಿನ ಕಡೆಗೆ ಓಡಿದ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಚಳಿ ಶುರುವಾದಾಗ ಅವನ ಅಕ್ಕನ ಮಗ ಬಂದ. "ಮಾವ ಹೋಗ್ಬುಟ್ರು ಅಕ್ಕ. ತೂಬು ತೆಗೆದ್ರು, ಆಮೇಲೆ ಕೆರೆ ಏರಿ ಬುಟ್ಟು ಬರ್ಲೇ ಇಲ್ಲ. ಜ್ವರದಾಗೂ ಅಲ್ಲೇ ಓಡಾಡ್ತಿದ್ರು."

ನನಗೆ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. "ಅಲ್ಲಿ ಅವ್ರನ್ನ ನೀರಗಂಟಿ ಅಂತಿದ್ರಾ?"

"ಅದು ನಮ್ ಮನೆ ಹಳೇ ಹೆಸ್ರು. ಈಗ ಯಾರಂತಾರೆ? ವಾಲ್‌ಮನ್ ನಂಜಣ್ಣ ಅಂತ್ಲೇ ಕೂಗ್ತಿದ್ರು."

ಅಳು ಬರಬೇಕಿತ್ತು, ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. ಸೈಕಲ್ ಬೇಡವೆಂದು ಹುಡುಗ ಬಿಟ್ಟು ಹೋದ.

ಈಗ ನೀರಿನ ಸುದ್ದಿ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಯಾರೋ ಬೈಕಿನಲ್ಲಿ ಬಂದು ವಾಲ್ ತಿರುಗಿಸಿ ಹೋಗುತ್ತಾರೆ. ಪುಟ್ಟಮ್ಮನ ಹತ್ತಿರ ಅಂಥ ಫೋನಿಲ್ಲ. ನಲ್ಲಿಯಲ್ಲಿ ನೀರು ಕಂಡ ಕೂಡಲೇ ಅವಳು ಬಿಂದಿಗೆ ಕೆಳಗಿಟ್ಟು ರಸ್ತೆ ದಾಟಿ ಬಂದು, ನನ್ನ ಗೋಡೆಗೆ ವಾಲಿಕೊಂಡಿರುವ ಸೈಕಲ್ಲಿನ ಗಂಟೆ ಹೊಡೆಯುತ್ತಾಳೆ. "ನೀರಗಂಟೆ! ನೀರಗಂಟೆ!"

ನಾನು ಮಿಷನ್ ನಿಲ್ಲಿಸಿ ಬಾಗಿಲಿಗೆ ಓಡುತ್ತೇನೆ. "ಗಂಟೆ ಅಲ್ಲ ಕಣಕ್ಕಾ, ಗಂಟಿ! ನೀರಗಂಟಿ!"

ಅವಳಿಗೆ ಕೇಳಿಸುವುದಿಲ್ಲ. ಬೀದಿಗಾದರೂ ಕೇಳಲಿ ಎಂದು ಇನ್ನೊಂದು ಸಲ ಕೂಗುತ್ತೇನೆ.